ತೋಳ ಬಂದರೂ ಏಳದ ಮೆಳೆ

ವಿಲೋ ಎಂದೊಡನೆ ನಮ್ಮವರಿಗೆ ನೆನಪಾಗುವುದು ಕ್ರಿಕೆಟ್ ಬ್ಯಾಟು. ಕಾಶ್ಮೀರದ ವಿಲೋ ಅಗ್ಗ, ಇಂಗ್ಲೆಂಡಿನದು ದುಬಾರಿ ಎಂಬಷ್ಟು ಲೆಕ್ಕ ಗಲ್ಲಿಯಲ್ಲಿ ಆಡುವ ಹುಡುಗರಿಗೂ ಗೊತ್ತು. ಅದೇ ಕುಲದ ಇನ್ನೊಂದು ಮರ ಪಶ್ಚಿಮ ಘಟ್ಟದ ಹೊಳೆದಂಡೆಗಳಲ್ಲೂ ಬೇರುಬಿಟ್ಟು ನಿಂತಿದೆ, ಅದನ್ನು ಗುರುತಿಸುವವರು ಕಡಿಮೆ. ಆದರೆ ಸುಮಾರು 400 ಪ್ರಭೇದಗಳಿರುವ ಈ ಕುಲದಲ್ಲಿ ಬಹುಪಾಲು ಗಿಡಗಳು ಮರವಾಗುವ ಗೋಜಿಗೇ ಹೋಗುವುದಿಲ್ಲ. ಉತ್ತರದ ಚಳಿನಾಡುಗಳಲ್ಲಿ, ಬೆಟ್ಟದ ತೊರೆಗಳ ಪಕ್ಕದಲ್ಲಿ, ಬುಡದಿಂದಲೇ ಹತ್ತಾರು ಕಾಂಡ ಒಡೆದು ಮೆಳೆಗಟ್ಟಿ ಬೆಳೆಯುತ್ತವೆ. ಕಾಂಡ ಬ್ಯಾಟಿನ ಹಿಡಿಯಷ್ಟು ದಪ್ಪವಾದರೆ ಅದೇ ಹೆಚ್ಚು.

ಇಂಥದೊಂದು ಮೆಳೆ ದಶಕಕ್ಕೂ ಹಿಂದೆ ಜಗತ್ಪ್ರಸಿದ್ಧವಾಯಿತು. ಹೆಸರು ಮಾತ್ರ ತೋಳಕ್ಕೆ ಬಂತು.

2014ರಲ್ಲಿ ಯೂಟ್ಯೂಬಿನಲ್ಲಿ ಕಾಣಿಸಿಕೊಂಡ ನಾಲ್ಕೂವರೆ ನಿಮಿಷದ ವಿಡಿಯೊವೊಂದು ಕೋಟಿಗಟ್ಟಲೆ ಜನರನ್ನು ತಲುಪಿತು. ದನಿ ಬ್ರಿಟಿಷ್ ಬರಹಗಾರ ಜಾರ್ಜ್ ಮಾನ್‌ಬಿಯೊ ಅವರದು, ಕತೆ ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ್ದು. ಎಪ್ಪತ್ತು ವರ್ಷ ತೋಳವಿಲ್ಲದ ಕಾಡಿಗೆ 1995ರಲ್ಲಿ ತೋಳಗಳನ್ನು ತಂದು ಬಿಟ್ಟರು. ತೋಳಕ್ಕೆ ಹೆದರಿ ಎಲ್ಕ್ ಎಂಬ ದೊಡ್ಡ ಜಿಂಕೆಗಳು ಕಣಿವೆ ಬಿಟ್ಟು ದೂರ ಸರಿದವು. ಎಲ್ಕ್ ಸರಿದದ್ದರಿಂದ ತೊರೆದಂಡೆಯ ವಿಲೋ ಚಿಗುರಿತು, ವಿಲೋ ಚಿಗುರಿದ್ದರಿಂದ ಹಕ್ಕಿಗಳೂ ಬೀವರ್‌ಗಳೂ ಮರಳಿದವು. ಬೇರುಗಳು ದಂಡೆಯನ್ನು ಬಿಗಿಹಿಡಿದು, ಕೊನೆಗೆ ನದಿಯ ಹರಿವೇ ಬದಲಾಯಿತು. ಕತೆ ಚೊಕ್ಕಟವಾಗಿದೆ. ಎಷ್ಟು ಚೊಕ್ಕಟವೆಂದರೆ, ಕೇಳಿದವರಿಗೆ ಸ್ವಲ್ಪ ಅನುಮಾನ ಬರಬೇಕಿತ್ತು.

ಈ ಕತೆಯಲ್ಲಿ ಗಿಡದ ಪಾತ್ರ ಸುಮ್ಮನೆ ತಿನ್ನಿಸಿಕೊಳ್ಳುವುದು, ಬಿಟ್ಟರೆ ಬೆಳೆಯುವುದು. ಗಿಡಕ್ಕೆ ಏನು ಬೇಕು ಎಂದು ಅಲ್ಲಿ ಯಾರೂ ಕೇಳಿಲ್ಲ. ಅದನ್ನು ಕೇಳಿದವರಿಗೆ ಸಿಕ್ಕಿದ ಉತ್ತರ ಬೇರೆಯೇ ಆಗಿತ್ತು.

ರಾಕಿ ಪರ್ವತಗಳ ಯಾವುದಾದರೂ ಕಣಿವೆಯನ್ನು ಬೇಸಿಗೆಯಲ್ಲಿ ಮೇಲಿನಿಂದ ನೋಡಿದರೆ ಬೂದುಬಣ್ಣದ ಸೀರೆಗೆ ಹಸಿರು ಅಂಚು ಹಾಕಿದಂತೆ ಕಾಣುತ್ತದೆ. ಬೂದು ಎಂದರೆ ಒಣನೆಲದ ಸೇಜ್‌ಬ್ರಷ್ ಪೊದೆ. ಹಸಿರು ಅಂಚು ತೊರೆಯ ಇಕ್ಕೆಲದ ಮೆಳೆ. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಇಂಥ ದಂಡೆಗಳ ಪಾಲು ಒಟ್ಟು ನೆಲದ ಶೇ. 2ರ ಆಸುಪಾಸು. ಅಲ್ಲಿನ ವನ್ಯಜೀವಿಗಳಲ್ಲಿ ಹೆಚ್ಚಿನವು ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಈ ಅಂಚಿಗೆ ಬಂದೇ ತೀರುತ್ತವೆ.

ಹತ್ತಿರ ಹೋದರೆ ಒಂದೇ ಹಸಿರೆಂದು ಕಂಡದ್ದು ಸಾಲುಸಾಲಾಗಿ ಬಿಡಿಸಿಕೊಳ್ಳುತ್ತದೆ. ಪಾದ ಮುಳುಗುವಷ್ಟು ನೀರಿರುವಲ್ಲಿ ಜೇಕಿನ ಜಾತಿಯ ಹುಲ್ಲುಗಳು. ಅದರ ಹಿಂದೆ, ಬೇಸಿಗೆಯಿಡೀ ಬುಡ ತೇವವಾಗಿರುವ ಕಡೆ, ಗೇಯರ್ ವಿಲೋ ಮತ್ತು ಬೂತ್ ವಿಲೋ ಎಂಬ ಎತ್ತರದ ಪೊದೆಗಳು. ಚೆನ್ನಾಗಿ ಬೆಳೆದರೆ ಮೂರು ನಾಲ್ಕು ಮೀಟರ್ ದಾಟುತ್ತವೆ. ನೀರು ರಭಸವಾಗಿ ಹರಿಯುವ ಕಲ್ಲುದಂಡೆಯಲ್ಲಿ ಆಲ್ಡರ್. ಇದರ ಬೇರುಗಂಟುಗಳಲ್ಲಿ ಫ್ರಾಂಕಿಯ ಎಂಬ ಬ್ಯಾಕ್ಟೀರಿಯ ಬೀಡುಬಿಟ್ಟು, ನಮ್ಮ ಅವರೆ ತೊಗರಿಗಳ ಬೇರಿನಲ್ಲಿ ನಡೆಯುವಂತೆಯೇ, ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುತ್ತದೆ. ನಡುನಡುವೆ ನೀರು ಬರ್ಚ್, ಚಳಿಗಾಲದಲ್ಲಿ ಎಲೆಯುದುರಿದ ಮೇಲೆ ಕಡುಗೆಂಪು ರೆಂಬೆಗಳಿಂದ ಹಿಮದ ಮೇಲೆ ಎದ್ದು ಕಾಣುವ ಡಾಗ್‌ವುಡ್. ಇನ್ನೂ ಮೇಲೇರಿ ಮರಗಳೇ ಬೆಳೆಯದ ಎತ್ತರ ತಲುಪಿದರೆ ಮೊಣಕಾಲುದ್ದದ ವಿಲೋಗಳು ಸಿಗುತ್ತವೆ, ಅವುಗಳ ಮೊಗ್ಗು ತಿಂದೇ ಚಳಿಗಾಲ ಕಳೆಯುವ ಬಿಳಿಬಾಲದ ಟಾರ್ಮಿಗನ್ ಹಕ್ಕಿಯೂ ಅಲ್ಲೇ ಇರುತ್ತದೆ.

ಯಾವ ಗಿಡ ಎಲ್ಲಿ ನಿಂತಿದೆ ಎಂದು ನೋಡಿದರೆ ನೆಲದಡಿಯ ನೀರು ಎಷ್ಟು ಆಳದಲ್ಲಿದೆ ಎಂದು ಅಂದಾಜು ಮಾಡಬಹುದು. ಇದೇನು ಹೊಸ ವಿದ್ಯೆಯಲ್ಲ. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ನೆಲದಡಿಯ ನೀರು ಹುಡುಕುವುದಕ್ಕೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಅಲ್ಲಿ ಆರಂಭದಲ್ಲೇ ಬರುವ ಕುರುಹಿನ ಗಿಡ ವೇತಸ. ವೇತಸವೆಂದರೆ ಬೆತ್ತವೆಂದು ಕೆಲವರು, ವಿಲೋ ಎಂದು ಕೆಲವರು. ಎರಡೂ ನೀರನ್ನು ಬಿಟ್ಟಿರಲಾರದ ಗಿಡಗಳೇ.

ವಿಲೋಗೆ ನೀರು ಯಾಕಿಷ್ಟು ಮುಖ್ಯ ಎಂಬುದು ಅದರ ಬೀಜದಿಂದಲೇ ಶುರುವಾಗುತ್ತದೆ. ಹೆಣ್ಣು ಗಿಡ ಬೇರೆ, ಗಂಡು ಗಿಡ ಬೇರೆ. ಹಿಮ ಕರಗುವ ಹೊತ್ತಿಗೆ ಬೆಕ್ಕಿನ ಬಾಲದಂಥ ಹೂಗೊಂಚಲು ಮೂಡುತ್ತದೆ, ಚಳಿನಿದ್ದೆ ಮುಗಿಸಿ ಹಸಿದು ಎದ್ದ ದುಂಬಿಗಳಿಗೆ ವರ್ಷದ ಮೊದಲ ಊಟ ಅದೇ. ಬೇಸಿಗೆಯ ಮೊದಲಲ್ಲಿ ಕಾಯಿ ಒಡೆದು ಬೂರುಗದ ಹತ್ತಿಯಂಥ ನವಿರುಕೂದಲಿನ ಬೀಜಗಳು ಗಾಳಿಗೆ ಹಾರುತ್ತವೆ. ರಾಗಿಕಾಳಿಗಿಂತಲೂ ಚಿಕ್ಕ ಬೀಜ. ತಾಯಿ ಕಟ್ಟಿಕೊಟ್ಟ ಬುತ್ತಿ ಅದರೊಳಗೆ ಇಲ್ಲವೆನ್ನುವಷ್ಟು ಕಡಿಮೆ. ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಜೀವ ಹಿಡಿದಿರುತ್ತದೆ. ಅಷ್ಟರೊಳಗೆ ಅದು ಬೀಳಬೇಕಾದ ಜಾಗ ಒಂದೇ, ನೆರೆ ಇಳಿದ ಮೇಲೆ ಹೊಸದಾಗಿ ಬಯಲಾದ, ಬೇರೆ ಹುಲ್ಲು ಹುಟ್ಟಿರದ ಹಸಿ ಮೆಕ್ಕಲು. ಬಿದ್ದ ಮೇಲೂ ಓಟ ಮುಗಿಯುವುದಿಲ್ಲ. ತೊರೆಯ ನೀರು ಇಳಿದಂತೆ ನೆಲದೊಳಗಿನ ತೇವವೂ ಇಳಿಯುತ್ತದೆ, ಎಳೆ ಬೇರು ಅದರ ಬೆನ್ನುಹತ್ತಿ ಕೆಳಗಿಳಿಯಬೇಕು. ವಿಲೋ ಮತ್ತು ಅದರ ಸೋದರಗಿಡ ಕಾಟನ್‌ವುಡ್‌ಗಳನ್ನು ಅಧ್ಯಯನ ಮಾಡಿದವರ ಪ್ರಕಾರ ತೇವ ದಿನಕ್ಕೆ ಎರಡೂವರೆ ಸೆಂಟಿಮೀಟರ್‌ಗಿಂತ ವೇಗವಾಗಿ ಇಳಿದರೆ ಸಸಿ ಸೋತಂತೆ.

ಸಸಿಯಾಗಿ ಗೆದ್ದ ವಿಲೋ ಮಾತ್ರ ಗಟ್ಟಿ ಪಿಂಡ. ನೆರೆಗೆ ಬಾಗುತ್ತದೆ, ಮುರಿಯುವುದು ಅಪರೂಪ. ಮುರಿದರೂ ಮುರಿದ ತುಂಡು ಕೆಳಗೆಲ್ಲೋ ಹೂಳಿಗೆ ಸಿಕ್ಕಿ ಬೇರುಬಿಡುತ್ತದೆ. ಬುಡಕ್ಕೆ ಕಡಿದರೆ ಮೊದಲಿಗಿಂತ ಹೆಚ್ಚು ಕಾಂಡ ಒಡೆಯುತ್ತದೆ. ಈ ಗುಣವನ್ನು ಬಲ್ಲ ಪ್ರಾಣಿಯೊಂದು ಲಕ್ಷಾಂತರ ವರ್ಷಗಳಿಂದ ಅದನ್ನು ಕಡಿಯುತ್ತ ಬಂದಿದೆ.

ಬೀವರ್ ಇಪ್ಪತ್ತು ಕಿಲೊ ತೂಗುವ ದಂಶಕ. ತುಂಗಭದ್ರೆಯಲ್ಲಿ ಮೀನು ಹಿಡಿಯುವ ನಮ್ಮ ನೀರುನಾಯಿಗೂ ಇದಕ್ಕೂ ಸಂಬಂಧವಿಲ್ಲ, ಇದರ ಊಟ ತೊಗಟೆ. ವಿಲೋವನ್ನು ಕಡಿದು, ತೊಗಟೆ ತಿಂದು, ಉಳಿದ ಕೋಲನ್ನು ತೊರೆಗೆ ಅಡ್ಡಲಾಗಿ ಒಟ್ಟಿ, ಕಲ್ಲು ಕೆಸರು ಮೆತ್ತಿ ಕಟ್ಟ ಕಟ್ಟುತ್ತದೆ. ದಕ್ಷಿಣ ಕನ್ನಡದ, ಕಾಸರಗೋಡಿನ ಕೃಷಿಕರಿಗೆ ಈ ಎಂಜಿನಿಯರಿಂಗನ್ನು ವಿವರಿಸಬೇಕಾಗಿಲ್ಲ. ಮಳೆ ನಿಂತ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು, ಮರ, ಮಣ್ಣು ಹಾಕಿ ಅವರು ಕಟ್ಟುವುದೂ ಕಟ್ಟವೇ. ನೀರು ನಿಂತರೆ ಮೇಲಿನ ತೋಟದ ಬಾವಿಯಲ್ಲಿ ನೀರೇರುತ್ತದೆ ಎಂಬುದು ಅವರಿಗೆ ಅಜ್ಜನ ಕಾಲದಿಂದ ಗೊತ್ತು. ಬೀವರ್ ಕಟ್ಟದ ಹಿಂದೆಯೂ ಅದೇ ನಡೆಯುತ್ತದೆ. ನೀರು ಅಗಲಕ್ಕೆ ಹರಡುತ್ತದೆ, ಸುತ್ತಲ ನೆಲ ನೀರು ಕುಡಿದು ಉಬ್ಬುತ್ತದೆ, ಹೂಳು ತುಂಬಿ ತೊರೆಯ ತಳ ಏರುತ್ತದೆ, ಕಟ್ಟ ಒಡೆದಾಗ ಹಸಿ ಮೆಕ್ಕಲು ಬಯಲಾಗುತ್ತದೆ. ಆ ಮೆಕ್ಕಲಲ್ಲಿ ಹೊಸ ವಿಲೋ ಹುಟ್ಟುತ್ತದೆ. ಕಡಿಯುವವನೇ ನೆಡುವವನು. ಈ ಕೊಡುಕೊಳ್ಳುವಿಕೆ ಒಂದು ಕಡೆ ತಪ್ಪಿದರೂ ಎರಡೂ ಕಡೆ ತಪ್ಪುತ್ತದೆ.

ತಪ್ಪಿದ್ದು ಟೊಪ್ಪಿಗೆಯಿಂದ. ಯುರೋಪಿನ ಶ್ರೀಮಂತರ ಟೊಪ್ಪಿಗೆಗಳಿಗೆ ಬೀವರಿನ ತುಪ್ಪಳ ಬೇಕಾಗಿತ್ತು. 1825ರಿಂದ 1840ರವರೆಗೆ ರಾಕಿ ಪರ್ವತಗಳಲ್ಲಿ ಬೇಟೆಗಾರರೂ ವ್ಯಾಪಾರಿಗಳೂ ವರ್ಷಕ್ಕೊಮ್ಮೆ ಸೇರಿ ತುಪ್ಪಳದ ಸಂತೆಯನ್ನೇ ನಡೆಸುತ್ತಿದ್ದರು. ರೇಷ್ಮೆ ಟೊಪ್ಪಿಗೆಯ ಫ್ಯಾಶನ್ ಬಂದು ಸಂತೆ ನಿಂತಾಗ ಬಹಳಷ್ಟು ತೊರೆಗಳಲ್ಲಿ ಬೀವರ್ ಬರಿದಾಗಿತ್ತು. ಯೆಲ್ಲೊಸ್ಟೋನ್ 1872ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೇಲೆ ಅವು ಮತ್ತೆ ಚೇತರಿಸಿಕೊಂಡವು. 1920ರ ದಶಕದ ಆರಂಭದಲ್ಲಿ ಎಡ್ವರ್ಡ್ ವಾರೆನ್ ಎಂಬ ನಿಸರ್ಗತಜ್ಞ ಉದ್ಯಾನದ ಉತ್ತರ ಭಾಗದಲ್ಲಿ ತೊರೆತೊರೆ ಸುತ್ತಿ ಬೀವರ್ ಕಟ್ಟಗಳನ್ನೂ ಕೊಳಗಳನ್ನೂ ಅಳೆದು, ಚಿತ್ರ ತೆಗೆದು ದಾಖಲಿಸಿದ. ಮೂವತ್ತು ವರ್ಷದ ನಂತರ ಇನ್ನೊಬ್ಬ ಸಂಶೋಧಕ ಅದೇ ಜಾಗಗಳಿಗೆ ಹೋದಾಗ ಕೊಳಗಳು ಬತ್ತಿ ಹುಲ್ಲುಬಯಲಾಗಿದ್ದವು.

ನಡುವೆ ಆದದ್ದು ತೋಳಗಳ ನಿರ್ಮೂಲನೆ. ಆಗ ತೋಳವನ್ನು ಕೊಲ್ಲುವುದು ಉದ್ಯಾನದ ಸಿಬ್ಬಂದಿಯ ಕೆಲಸವೇ ಆಗಿತ್ತು, 1926ರ ಹೊತ್ತಿಗೆ ಕೊನೆಯ ಹಿಂಡೂ ಮುಗಿದಿತ್ತು. ತೋಳದ ಕಾಟ ತಪ್ಪಿದ್ದು ಎಲ್ಕ್‌ಗೆ. ಅದು ನಮ್ಮ ಕಡವೆಯ ದಾಯಾದಿ, ಕಡವೆಗಿಂತ ದೊಡ್ಡದು. ಚಳಿಗಾಲದಲ್ಲಿ ಹುಲ್ಲು ಹಿಮದಡಿ ಹೂತುಹೋದಾಗ ಅದಕ್ಕೆ ಸುಲಭವಾಗಿ ಸಿಗುವುದು ಹಿಮದ ಮೇಲೆ ತಲೆಯೆತ್ತಿದ ವಿಲೋ ರೆಂಬೆ. ವಿಲೋ ಹೂಬಿಡುವುದು ಹಿಂದಿನ ವರ್ಷದ ಚಿಗುರಿನ ಮೇಲೆ. ಪ್ರತಿ ಚಳಿಗಾಲ ಆ ಚಿಗುರನ್ನೇ ಮೇಯ್ದುಬಿಟ್ಟರೆ ಗಿಡ ಸಾಯುವುದಿಲ್ಲ, ಬದುಕಿದ್ದೂ ಬಂಜೆಯಾಗುತ್ತದೆ. ದಶಕಗಳ ಕಾಲ ಮೊಣಕಾಲೆತ್ತರದಲ್ಲೇ ಕುಗ್ಗಿಕೊಂಡಿರುವ ಇಂಥ ವಿಲೋಗಳು ಅಲ್ಲಿ ಸಾವಿರಾರು. ಬೀವರಿಗೆ ಬೇಕಾದ್ದು ಕೋಲು, ಅದು ಸಿಗದೆ ಬೀವರ್ ಹೋಯಿತು. ಕಟ್ಟಗಳು ಒಡೆದವು. ತಡೆಯಿಲ್ಲದ ತೊರೆ ತನ್ನ ತಳವನ್ನು ತಾನೇ ಕೊರೆಯಿತು, ಕೆಲವೆಡೆ ಒಂದು ಮೀಟರಿಗೂ ಹೆಚ್ಚು ಆಳಕ್ಕೆ. ತೊರೆಯ ಜೊತೆ ಅಂತರ್ಜಲವೂ ಇಳಿಯಿತು. ದಂಡೆ ಇದ್ದಲ್ಲೇ ಇತ್ತು, ಅದರ ಕಾಲಡಿಯ ನೀರು ಮಾತ್ರ ಕೆಳಗೆ ಹೋಯಿತು.

1995 ಮತ್ತು 1996ರಲ್ಲಿ ಕೆನಡಾದಿಂದ ತಂದ 31 ತೋಳಗಳನ್ನು ಬಿಟ್ಟಾಗ ಪರಿಸ್ಥಿತಿ ಇದು. ಮುಂದೆ ಎಲ್ಕ್‌ಗಳ ಸಂಖ್ಯೆ ನಿಜವಾಗಿಯೂ ಕುಸಿಯಿತು. 1994ರಲ್ಲಿ ಉತ್ತರದ ಹಿಂಡಿನಲ್ಲಿ ಸುಮಾರು 19,000 ಇದ್ದದ್ದು 2013ಕ್ಕೆ 4,000ಕ್ಕಿಂತ ಕೆಳಗಿಳಿಯಿತು. ಯಶಸ್ಸೆಲ್ಲ ತೋಳದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಪೂಮಾಗಳು ಹೆಚ್ಚಿದ್ದವು, ಎಲ್ಕ್ ಕರುಗಳನ್ನು ಹಿಡಿಯುವ ಕರಡಿಗಳೂ ಹೆಚ್ಚಿದ್ದವು, ಉದ್ಯಾನದ ಗಡಿಯಾಚೆ ಮನುಷ್ಯರ ಬೇಟೆಯೂ ನಡೆದಿತ್ತು. ಏನೇ ಇರಲಿ, ಮೇಯುವ ಬಾಯಿಗಳು ಕಡಿಮೆಯಾದವು. ಅಲ್ಲಲ್ಲಿ ವಿಲೋ ಮೇಲೆದ್ದಿತು. ಆರೆಗಾನ್ ರಾಜ್ಯ ವಿಶ್ವವಿದ್ಯಾಲಯದ ವಿಲಿಯಂ ರಿಪಲ್ ಮತ್ತು ರಾಬರ್ಟ್ ಬೆಶ್ಚಾ ಅದನ್ನು ಅಳೆದು ಪ್ರಬಂಧಗಳನ್ನು ಬರೆದರು, ವಿಡಿಯೊದ ಕತೆ ಆ ಬೇರಿನಿಂದಲೇ ಚಿಗುರಿತು.

ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದ ಇನ್ನೊಂದು ತಂಡ ಬೇರೆಯೇ ದಾರಿ ಹಿಡಿಯಿತು. ಟಾಮ್ ಹಾಬ್ಸ್, ಡೇವಿಡ್ ಕೂಪರ್ ಮತ್ತವರ ಜೊತೆಗಾರರು 2001ರಲ್ಲಿ ಯೆಲ್ಲೊಸ್ಟೋನಿನ ನಾಲ್ಕು ತೊರೆಗಳ ಪಕ್ಕದಲ್ಲಿ ಪ್ರಯೋಗ ಹೂಡಿದರು. ಕೆಲವು ವಿಲೋಗಳ ಸುತ್ತ ಎಲ್ಕ್ ನುಗ್ಗದಂತೆ ಬೇಲಿ. ಕೆಲವೆಡೆ ಬೇಲಿಯಿಲ್ಲ, ಆದರೆ ತೊರೆಗೆ ಅಡ್ಡಲಾಗಿ ಬೀವರಿನದನ್ನು ಹೋಲುವ ಕಟ್ಟ. ಕೆಲವಕ್ಕೆ ಎರಡೂ. ಕೆಲವಕ್ಕೆ ಯಾವುದೂ ಇಲ್ಲ. ಬೇಲಿ ಎಂದರೆ ಪರಿಪೂರ್ಣ ತೋಳ ಎಂದುಕೊಳ್ಳಬಹುದು, ಒಂದು ಎಲ್ಕನ್ನೂ ಒಳಬಿಡದ, ನಿದ್ದೆಯೇ ಮಾಡದ ತೋಳ. ವಿಡಿಯೊದ ಕತೆ ಸರಿಯಾಗಿದ್ದರೆ ಬೇಲಿಯೊಳಗಿನ ವಿಲೋ ಸೊಂಪಾಗಿ ಏಳಬೇಕಿತ್ತು.

ಹತ್ತು ವರ್ಷದ ಫಲಿತಾಂಶ 2013ರಲ್ಲಿ ಬಂತು. ಬೇಲಿಯೊಂದೇ ಇದ್ದ ಕಡೆ ವಿಲೋ ಸರಾಸರಿ ಎರಡು ಮೀಟರ್ ಕೂಡ ದಾಟಿರಲಿಲ್ಲ. ಎರಡು ಮೀಟರ್ ಎಂಬುದು ಸುಮ್ಮನೆ ಆರಿಸಿಕೊಂಡ ಅಂಕಿಯಲ್ಲ. ಅಷ್ಟು ಎತ್ತರಕ್ಕೆ ಹೋದರೆ ತುದಿಚಿಗುರು ಎಲ್ಕ್ ಬಾಯಿಗೆ ಎಟುಕುವುದಿಲ್ಲ, ಗಿಡ ಹೂಬಿಟ್ಟು ಬೀಜ ಕಟ್ಟುತ್ತದೆ. ಕಟ್ಟವೊಂದೇ ಇದ್ದ ಕಡೆಯೂ ಗಿಡ ಆ ಗೆರೆ ಮುಟ್ಟಲಿಲ್ಲ, ಚಿಗುರಿದ್ದೆಲ್ಲ ಎಲ್ಕ್ ಪಾಲಾಯಿತು. ಬೇಲಿಯೂ ಕಟ್ಟವೂ ಎರಡೂ ಇದ್ದಲ್ಲಿ ಮಾತ್ರ ವಿಲೋ ಧೈರ್ಯವಾಗಿ ಎದ್ದು ನಿಂತಿತು. ಪ್ರಯೋಗ ಇನ್ನೂ ಹತ್ತು ವರ್ಷ ಮುಂದುವರಿದು 2024ರಲ್ಲಿ ಪ್ರಕಟವಾದಾಗಲೂ ತೀರ್ಪು ಬದಲಾಗಿರಲಿಲ್ಲ. ತೋಳ ಮರಳಿದೆ, ಹಳೆಯ ಮೆಳೆ ಮರಳಿಲ್ಲ. ಯಾಕೆಂದರೆ ಬೀವರ್ ಮರಳಲು ಎತ್ತರದ ವಿಲೋ ಬೇಕು, ವಿಲೋ ಎತ್ತರವಾಗಲು ಬೀವರ್ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯ ಸ್ಥಿತಿ. ಪರಿಸರ ವಿಜ್ಞಾನಿಗಳು ಇದನ್ನು ಪರ್ಯಾಯ ಸ್ಥಿರ ಸ್ಥಿತಿ ಎನ್ನುತ್ತಾರೆ, ಗಾದೆಯೇ ಹೆಚ್ಚು ಚೆನ್ನಾಗಿ ಹೇಳುತ್ತದೆ.

ಜಗಳ ಇನ್ನೂ ಮುಗಿದಿಲ್ಲ. ಅದರ ಒಂದು ಭಾಗ ಅಳತೆಗೋಲಿನ ಕುರಿತದ್ದು, ಸ್ವಾರಸ್ಯವಿರುವುದೂ ಅಲ್ಲೇ. ಯೆಲ್ಲೊಸ್ಟೋನಿನ ಆಸ್ಪೆನ್ ಮರಗಳ ಎಳೆಯ ಸಸಿಗಳನ್ನು ಅಳೆಯುವಾಗ ಪ್ರತಿ ತೋಪಿನಲ್ಲೂ ಅತಿ ಎತ್ತರದ ಐದನ್ನು ಅಳೆಯುವ ಪದ್ಧತಿಯಿತ್ತು. 2021ರಲ್ಲಿ ಎಲೇನ್ ಬ್ರೈಸ್, ಡೇನಿಯಲ್ ಮಕ್‌ನಲ್ಟಿ ಮತ್ತು ಸಂಗಡಿಗರು ಯಾದೃಚ್ಛಿಕವಾಗಿ ಆಯ್ದ ಸಸಿಗಳನ್ನೂ ಅಳೆದು ಹೋಲಿಸಿದಾಗ, ಚೇತರಿಕೆ ಇರುವುದು ನಿಜವಾದರೂ ಹಳೆಯ ಪದ್ಧತಿ ಅದನ್ನು ಹಲವು ಪಟ್ಟು ಹಿಗ್ಗಿಸಿ ತೋರಿಸಿದ್ದು ಗೊತ್ತಾಯಿತು. ತರಗತಿಯ ಮೊದಲ ಐದು ರ‍್ಯಾಂಕಿನವರ ಅಂಕ ನೋಡಿ ಶಾಲೆಯ ಫಲಿತಾಂಶ ಹೇಳಿದ ಹಾಗೆ. 2025ರಲ್ಲಿ ರಿಪಲ್ ತಂಡ ವಿಲೋ ಪೊದೆಗಳ ಹಂದರದ ಗಾತ್ರ ಎರಡು ದಶಕಗಳಲ್ಲಿ ಶೇ. 1,500ರಷ್ಟು ಹೆಚ್ಚಿದೆ ಎಂದು ಬರೆಯಿತು. ಎತ್ತರದಿಂದ ಗಾತ್ರವನ್ನು ಲೆಕ್ಕಹಾಕಿ, ಮತ್ತೆ ಆ ಗಾತ್ರಕ್ಕೂ ಎತ್ತರಕ್ಕೂ ನಂಟು ಹುಡುಕಿದ್ದು ಸರಿಯಲ್ಲ ಎಂದು ಮಕ್‌ನಲ್ಟಿ, ಕೂಪರ್ ಮೊದಲಾದವರು ಅದೇ ವರ್ಷ ಆಕ್ಷೇಪಿಸಿದರು. ಈ ನಡುವೆ ಎಲ್ಕ್ ಬಿಟ್ಟ ಜಾಗಕ್ಕೆ ಕಾಡೆಮ್ಮೆಗಳು, ಅಂದರೆ ಬೈಸನ್, ಹಿಂಡುಹಿಂಡಾಗಿ ಬಂದಿವೆ. ಅವಕ್ಕೆ ತೋಳದ ಹೆದರಿಕೆ ಅಷ್ಟಾಗಿ ಇಲ್ಲ.

ತೋಳವೇ ಇಲ್ಲದಿದ್ದ ಕಡೆ ಮೆಳೆಯ ಕತೆ ಇನ್ನಷ್ಟು ಗೋಜಲು. ಕೊಲರಾಡೊದ ಗಾಥಿಕ್ ಎಂಬ ಹಳೆಯ ಗಣಿ ಊರಿನಲ್ಲಿ ಈಗ ರಾಕಿ ಮೌಂಟನ್ ಬಯಾಲಾಜಿಕಲ್ ಲ್ಯಾಬೊರೇಟರಿ ಇದೆ. ಅದರ ಸುತ್ತಲ ಕಣಿವೆಗಳಲ್ಲಿ ಗ್ರೆಚನ್ ಡೇಲಿ, ಪಾಲ್ ಅರ್ಲಿಕ್ ಮತ್ತು ನಿಕ್ ಹದ್ದಾದ್ ಒಂದು ಮರಕುಟಿಗವನ್ನು ಹಿಂಬಾಲಿಸಿ 1993ರಲ್ಲಿ ವರದಿ ಮಾಡಿದರು. ಕೆಂಪುಕತ್ತಿನ ಈ ಸ್ಯಾಪ್‌ಸಕರ್ ಗೂಡು ಕೊರೆಯುವುದು ಒಳತಿರುಳು ಶಿಲೀಂಧ್ರ ಹಿಡಿದು ಮೆತ್ತಗಾದ ಆಸ್ಪೆನ್ ಮರದಲ್ಲಿ. ಊಟಕ್ಕೆ ಹೋಗುವುದು ವಿಲೋ ಮೆಳೆಗೆ. ಈಚಲು ಕೆತ್ತಿ ಹೆಂಡ ಇಳಿಸುವವರ ಹಾಗೆ ವಿಲೋ ತೊಗಟೆಯಲ್ಲಿ ಸಾಲಾಗಿ ಕಿಂಡಿ ಕೆತ್ತಿ, ಒಸರುವ ಸಿಹಿರಸವನ್ನು ಹೀರುತ್ತದೆ. ಅದು ತೆರೆದ ಅಂಗಡಿಗೆ ಗಿರಾಕಿಗಳು ಬಹಳ. ಹಮ್ಮಿಂಗ್ ಬರ್ಡ್, ವಾರ್ಬ್ಲರ್, ಚಿಪ್‌ಮಂಕ್ ಎಂಬ ಅಳಿಲು, ಕಣಜಗಳು. ಅದು ಬಿಟ್ಟುಹೋದ ಗೂಡಿನಲ್ಲಿ ಕವಲುತೋಕೆ ಹಕ್ಕಿಗಳು ಸಂಸಾರ ಹೂಡುತ್ತವೆ. ಆಸ್ಪೆನ್, ಅದರ ಶಿಲೀಂಧ್ರ, ವಿಲೋ, ಮರಕುಟಿಗ, ಈ ನಾಲ್ಕರಲ್ಲಿ ಒಂದು ಇಲ್ಲವಾದರೂ ಇಡೀ ಬಳಗಕ್ಕೆ ತೊಂದರೆ.

ಅದೇ ರಾಜ್ಯದ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದಲ್ಲಿ, ಕೊಲರಾಡೊ ನದಿ ಹುಟ್ಟುವ ಕವುನೀಚೆ ಕಣಿವೆಯಲ್ಲಿ, ಈ ಹಕ್ಕಿ ಖಳನಾಯಕನಾಗಿಬಿಟ್ಟಿದೆ. ಅಲ್ಲಿನ ಎತ್ತರದ ವಿಲೋಗಳು ಒಂದೊಂದಾಗಿ ಒಣಗುತ್ತಿದ್ದುದನ್ನು ಕೂಪರ್ ಮತ್ತು ಸಹೋದ್ಯೋಗಿಗಳು ಬೆನ್ನುಹತ್ತಿದಾಗ ಸಿಕ್ಕಿದ್ದು ಸೈಟೊಸ್ಪೋರ ಎಂಬ ಶಿಲೀಂಧ್ರ. ಅದು ಮರಕುಟಿಗ ಕೆತ್ತಿದ ಗಾಯದಿಂದ ಒಳನುಗ್ಗಿ, ಗಾಯದ ಮೇಲಿನ ಕಾಂಡವನ್ನು ಕೊಲ್ಲುತ್ತದೆ. ವಿಲೋಗೆ ಇದು ದೊಡ್ಡ ಸಂಗತಿಯೇ ಅಲ್ಲ, ಬುಡದಿಂದ ಮತ್ತೆ ಚಿಗುರುತ್ತದೆ. ಆದರೆ ಚಿಗುರಿದ್ದನ್ನು ಎಲ್ಕ್ ಮತ್ತು ಮೂಸ್ ಮೇಯುತ್ತವೆ. ಮೂಸ್ ಜಿಂಕೆ ಬಳಗದಲ್ಲೇ ಅತಿ ದೊಡ್ಡದು, ವಿಲೋ ಎಂದರೆ ಅದಕ್ಕೆ ಪ್ರಾಣ. ಕೊಲರಾಡೊದಲ್ಲಿ ಅದು ನೆಲೆಯೂರಿದ್ದು 1978-79ರಲ್ಲಿ ಬೇರೆ ರಾಜ್ಯಗಳಿಂದ ಜನರೇ ತಂದುಬಿಟ್ಟ ಮೇಲೆ. ಹಕ್ಕಿ ಗಾಯ ಮಾಡಿತು, ಶಿಲೀಂಧ್ರ ಕೊಂದಿತು, ಮೂಸ್ ಮತ್ತೆ ಏಳಗೊಡಲಿಲ್ಲ. ಯಾರ ಮೇಲೆ ಕೇಸು ಹಾಕುವುದು?

ಕಣಿವೆಯ ನೆತ್ತಿಯಲ್ಲಿ ನಾಲ್ಕನೆಯ ಆರೋಪಿಯೂ ಇದೆ. ಗ್ರ್ಯಾಂಡ್ ಡಿಚ್ ಎಂಬ ಕಾಲುವೆ. 1890ರಲ್ಲಿ ಅಗೆತ ಶುರುವಾದ ಇದು 3,000 ಮೀಟರಿಗೂ ಎತ್ತರದ ಬೆಟ್ಟದ ಸೆರಗನ್ನು ಬಳಸಿ, ಪಶ್ಚಿಮಕ್ಕೆ ಇಳಿಯಬೇಕಾದ ಹಿಮನೀರನ್ನು ಅಡ್ಡಹಾಕಿ ಪೂರ್ವದ ಹೊಲಗಳಿಗೆ ಸಾಗಿಸುತ್ತದೆ. ಕೆಳಗಿನ ಮೆಳೆಗೆ ಬೇಸಿಗೆಯಲ್ಲಿ ಬರಬೇಕಾದ ನೀರಿನ ಒಂದು ಪಾಲು ಬರುವುದೇ ಇಲ್ಲ. 2003ರ ಮೇ ತಿಂಗಳ ಕೊನೆಯಲ್ಲಿ ಕಾಲುವೆಯ ಏರಿ ಒಡೆದು ಕಲ್ಲುಮಣ್ಣಿನ ರಾಶಿ ಲುಲು ಕ್ರೀಕ್ ಎಂಬ ತೊರೆಗುಂಟ ಕಣಿವೆಗೆ ನುಗ್ಗಿತು.

ಈಗ ಆ ಕಣಿವೆಯಲ್ಲಿ ಜನ ಬೀವರಿನ ಕೆಲಸ ಮಾಡುತ್ತಿದ್ದಾರೆ. ತೊರೆಗೆ ಅಡ್ಡಲಾಗಿ ಗೂಟ ನೆಟ್ಟು, ನಡುವೆ ರೆಂಬೆ ಹೆಣೆದು, ಕೆಸರು ಮೆತ್ತುತ್ತಾರೆ. ತೋಡಿನ ಕಟ್ಟ ಹಾಕಿ ಗೊತ್ತಿರುವ ಯಾವ ಅಡಿಕೆ ಕೃಷಿಕನೂ ಅದನ್ನು ನೋಡಿ ಎರಡು ಸಲಹೆ ಕೊಡಬಲ್ಲ. ಜೊತೆಗೆ ಎತ್ತರದ ಬೇಲಿ. ಬೇಲಿಯ ಕೆಳಭಾಗದಲ್ಲಿ ಸಣ್ಣ ಪ್ರಾಣಿಗಳು ನುಸುಳುವಷ್ಟು ಜಾಗ ಬಿಟ್ಟಿರುತ್ತಾರೆ, ಎಲ್ಕ್ ಮತ್ತು ಮೂಸ್ ಹೊರಗುಳಿದರೂ ಬೀವರ್ ಬಂದರೆ ಬರಲಿ ಎಂದು.

ಕವುನೀಚೆ ಎಂಬುದು ಅರಾಪಾಹೊ ಜನರ ಮಾತು, ಅರ್ಥ ಕಯೋಟಿ, ತೋಳದ ಕಿರಿಯ ನೆಂಟ. ದೊಡ್ಡ ನೆಂಟನೂ ಈಗ ಹತ್ತಿರಕ್ಕೆ ಬಂದಿದ್ದಾನೆ. 2020ರ ಜನಮತಗಣನೆಯಲ್ಲಿ ಕೊಲರಾಡೊದ ಮತದಾರರು ಅಲ್ಪ ಅಂತರದಿಂದ ತೋಳಗಳಿಗೆ ಒಪ್ಪಿಗೆ ಕೊಟ್ಟರು. 2023ರ ಡಿಸೆಂಬರಿನಲ್ಲಿ ಆರೆಗಾನಿನಿಂದ ತಂದ ಹತ್ತು ತೋಳಗಳನ್ನು ಬಿಟ್ಟದ್ದು ಕವುನೀಚೆ ಕಣಿವೆ ಇರುವ ಗ್ರ್ಯಾಂಡ್ ಕೌಂಟಿ ಮತ್ತು ಅದರ ನೆರೆಯ ಸಮ್ಮಿಟ್ ಕೌಂಟಿಯಲ್ಲಿ. ಬೇಲಿ ಹಾಕಿದವರು ಅದನ್ನು ಕಿತ್ತಿಲ್ಲ. ತೊರೆಗೆ ಗೂಟ ನೆಡುವ ಕೆಲಸವೂ ಹಿಮ ಕರಗಿದ ಮೇಲೆ ಮತ್ತೆ ಶುರುವಾಗುತ್ತದೆ.